ತೂತುಗೂಡು

ಶಿಡ್ಲಘಟ್ಟದ ನಮ್ಮ ಓಣಿಯಲ್ಲಿ
ಬೆಳಿಗ್ಗೆ ಐದಕ್ಕೇ ಗೂಡು ಬೇಯುವ ವಾಸನೆ.
ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ,
ಇಲಿಗಳು ಮೂಗು ಅರಳಿಸುತ್ತವೆ.

ರಾತ್ರಿ ಮೂಟೆಗೆ ನುಗ್ಗಿ
ಎರಡು ಕಿಲೋ ಗೂಡು ತೂತು ಮಾಡಿ ಹೋಗಿದ್ದವು.
ಅಮ್ಮಿ ಮೊರದ ತುಂಬ ಹರಡಿಕೊಂಡು ಕೂತಿದ್ದಳು.
ತೂತು ಬಿದ್ದ ಗೂಡಿನ ಎಳೆ ಬಿಚ್ಚುವುದಿಲ್ಲ,
ಬಿಚ್ಚಿದರೂ ನೂರು ಕಡೆ ತುಂಡು.
"ರೇಷ್ಮೆ ತಿನ್ನುವ ಹೊಟ್ಟೆ ಅದ್ಯಾವುದೋ!" ಅಂದಳು.

ತಿನ್ನುವುದಿಲ್ಲ ಅಮ್ಮಿ.
ಮೊನ್ನೆ ಬೋನಿಗೆ ಬಿದ್ದದ್ದನ್ನು
ಟಿಫನ್ ಡಬ್ಬಿಯಲ್ಲಿ ಚಿಂತಾಮಣಿಗೆ ಒಯ್ದಿದ್ದೆ
(ಹಳೇ ಡಬ್ಬಿ, ಬೈಯಬೇಡ, ಮುಚ್ಚಳ ಸೊಟ್ಟಗಿರೋದು).
ಬಸ್ಸಿನಲ್ಲಿ ಪಕ್ಕದವಳು ಏನು ಪಲ್ಯ ಅಂತ ಕೇಳಿದಳು.

ಚರ್ಮ ಸರಿಸಿದರೆ ಅರ್ಧ ಮುಖವೇ ಕೆನ್ನೆ.
ಮ್ಯಾಸೆಟರ್ ಅನ್ನುತ್ತಾರೆ. ಮೂರು ಪದರ,
ನೀನು ಈದ್‌ಗೆ ಮಾಡುವ ಪರೋಟದ ಹಾಗೆ.
ಹೊರಗಿನದು ಮೂತಿಯಿಂದ ಹೊರಟು
ಓರೆಯಾಗಿ ದವಡೆಯ ಮೂಲೆಗೆ ಇಳಿಯುತ್ತದೆ.
ಒಳಗಿನದನ್ನು ನೀನು ನಂಬುವುದಿಲ್ಲ:
ಕಣ್ಣಿನ ಮುಂದೆ ಮೂಳೆಯಲ್ಲೊಂದು ಕಿಂಡಿ,
ಬೀಗದ ತೂತಿನ ಆಕಾರ.
ಸ್ನಾಯು ಅದರೊಳಗೆ ತೂರಿ
ಮೂತಿಯ ಮೇಲೆ ಹೋಗಿ ಅಂಟಿದೆ,
ನೀನು ಬಟನ್ನಿನ ಕಣ್ಣಿಗೆ ಎಳೆ ಪೋಣಿಸಿ
ರಾಟೆಗೆ ಕೊಡುವ ಹಾಗೆ.

ಅಟೆಂಡರ್ ಯಲ್ಲುವಪ್ಪ ಬೀರುವಿನಿಂದ
ಮುಳ್ಳುಹಂದಿಯ ಬುರುಡೆ ತೆಗೆದುಕೊಟ್ಟ.
ಕೈವಾರದ ಬೆಟ್ಟದ ಕಡೆಯದಂತೆ.
ಅದರ ಕಿಂಡಿಯಲ್ಲಿ ನನ್ನ ಬೆರಳೇ ಹೋಯಿತು.
ಅಳಿಲಿನದರಲ್ಲಿ ಗುಂಡುಸೂಜಿ ಹೋದರೆ ಹೆಚ್ಚು.
ಅಳಿಲು ಕೊರೆಯುವ ಕಸುಬಿನದು,
ಮುಳ್ಳುಹಂದಿಯ ಬಳಗ ಅರೆಯುವುದರಲ್ಲಿ ಗಟ್ಟಿ.
ಇಲಿ ಮಾತ್ರ ಎರಡೂ ಮನೆಯ ಕೆಲಸ ಕಲಿತಿದೆ.

ಆದರೆ ಒಂದೇ ಹೊತ್ತಿಗೆ ಎರಡೂ ಆಗದು.
ದವಡೆ ಮುಂದೆ ಜಾರಿದರೆ
ಬಾಚಿಹಲ್ಲು ಕೂಡುತ್ತವೆ, ಹಿಂದಿನವಕ್ಕೆ ರಜಾ.
ಹಿಂದೆ ಜಾರಿದರೆ ಅರೆತ,
ಆಗ ಮುಂದಿನವು ಸುಮ್ಮನೆ.
ಬಿಸಿನೀರ ಬಟ್ಟಲಲ್ಲಿ ಕೈಯಿಟ್ಟವಳು
ಅದೇ ಕೈಯಲ್ಲಿ ಉಣ್ಣಲಾರದೆ
ಮಧ್ಯಾಹ್ನವನ್ನು ಸಂಜೆಗೆ ತಳ್ಳುವುದಿಲ್ಲವೇ,
ಹಾಗೆ.

ಬಾಚಿಹಲ್ಲಿಗೆ ಮೆಹಂದಿಯ ಬಣ್ಣ, ಒಳಗೆ ಕಬ್ಬಿಣ.
ಅದರ ಹಿಂದೆ ಹಲ್ಲಿಲ್ಲದ ಒಂದು ಬಯಲು.
ಕೊರೆಯುವಾಗ ತುಟಿ ಅಲ್ಲಿ ಒಳಕ್ಕೆ ಮಡಚಿ
ಬಾಗಿಲು ಹಾಕಿಕೊಳ್ಳುತ್ತದೆ.
ಹಲ್ಲು ಬೀದಿಯಲ್ಲಿ, ಬಾಯಿ ಮನೆಯಲ್ಲಿ.
ಕಡಿದ ರೇಷ್ಮೆಯೆಲ್ಲ ಹೊಸ್ತಿಲಾಚೆ ಉದುರಿ
ಒಳಗಿನ ಹುಳುವಿಗೆ ಮಾತ್ರ ಬಾಗಿಲು ತೆರೆಯುತ್ತದೆ.

ಹೊಟ್ಟೆಯನ್ನೂ ಬಿಚ್ಚಿ ನೋಡಿದೆ:
ಹುಳುವಿನ ಕಂದು ಗೊಜ್ಜು,
ನಾಲ್ಕು ರಾಗಿ ಸಿಪ್ಪೆ.
ಎಳೆ ಒಂದೂ ಇಲ್ಲ.

ಅಮ್ಮಿ ಒಂದು ಗೂಡನ್ನು ಬೆಳಕಿಗೆ ಹಿಡಿದಳು.
"ಎಷ್ಟು ದುಂಡಗೆ ಕೊರೆದಿದೆ ನೋಡು.
ನಮ್ಮ ದರ್ಜಿ ಇಷ್ಟು ನೀಟಾಗಿ ಕಾಜಾ ಹಾಕಲ್ಲ."
ಕಿವಿಯ ಹತ್ತಿರ ಅಲ್ಲಾಡಿಸಿದಳು. ಸದ್ದಿಲ್ಲ.
ಹುಳುವನ್ನು ಕಿಲೋ ಲೆಕ್ಕದಲ್ಲಿ
ಕೋಳಿ ಫಾರಂನವರಿಗೆ ಮಾರುತ್ತೇವೆ ನಾವು.
ಅದರ ಲೆಕ್ಕವೂ ಹೋಯಿತು.

ಕೆನ್ನೆಗೆ ಬೆರಳಿಟ್ಟು ಹಲ್ಲು ಕಚ್ಚಿ ನೋಡಿ,
ನಿಮ್ಮಲ್ಲೂ ಇದೆ, ಅಂದಿದ್ದರು ಮೇಡಂ.
ನಾನು ಆಗಲೇ ನೋಡಿದ್ದೆ.
ಗೂಡಿನ ಮಾರುಕಟ್ಟೆಯಲ್ಲಿ ಕೂಗು ಏರಿ ಏರಿ
ನಮ್ಮ ಕೈ ದಾಟಿ ನಿಂತಾಗ
ಅಬ್ಬಾನ ಕೆನ್ನೆಯಲ್ಲಿ ಒಂದು ಗಂಟು ಎದ್ದಿತು,
ಇಳಿಯಿತು, ಮತ್ತೆ ಎದ್ದಿತು.
ಬಾಯಲ್ಲಿ ಏನೂ ಇರಲಿಲ್ಲ.

ಇದನ್ನು ಅಮ್ಮಿಗೆ ಹೇಳಲಿಲ್ಲ.
ಅವಳು ಮೊರ ಕೊಡವಿ ಎದ್ದು
"ಸರಿ, ಇವತ್ತು ಬೋನಿಗೆ ಏನಿಡೋಣ?
ಓದಿದವಳು ನೀನು, ಹೇಳು" ಅಂದಳು.

ಸುಟ್ಟ ಕೊಬ್ಬರಿ, ಅಂದೆ.

ಒಲೆಯ ಮೇಲೆ ಅದು
ಆಗಲೇ ಸುಡುತ್ತಿತ್ತು.