ಬೆರಳಿಟ್ಟವನು

ಲೀಗು ಶುರುವಾದದ್ದು ನಲವತ್ತೆರಡರಲ್ಲಿ.
ಬಂದರಿನ ತುಂಬ ಬ್ರಿಟಿಷ್ ಸಿಪಾಯಿಗಳು,
ಕಡಲ ತುಂಬ ತೇಲುವ ಸಿಡಿಗುಂಡು.
ನಡುವೆ ನಮ್ಮಪ್ಪ ಮೀನುದೋಣಿ ಹತ್ತಿ
ಪಕ್ಕದ ದ್ವೀಪಕ್ಕೆ ಆಡಲು ಹೋಗುತ್ತಿದ್ದ,
ಬೂಟು ಕೊರಳಿಗೆ ಕಟ್ಟಿಕೊಂಡು.
ಅರ್ಧ ತಂಡ ವಾಂತಿ ಮುಗಿಸಿಯೇ
ಮೈದಾನಕ್ಕಿಳಿಯುತ್ತಿತ್ತಂತೆ.

ನಲವತ್ತನಾಲ್ಕರಲ್ಲಿ ಲೀಗಿಲ್ಲ.
ಯುದ್ಧ ಅಂದುಕೊಂಡೆಯಾ? ಅಲ್ಲ,
ಚೆಂಡಿರಲಿಲ್ಲ.
ಫಾರೋ ದ್ವೀಪಗಳಷ್ಟಕ್ಕೂ ಸಾಲುವಷ್ಟು
ಚೆಂಡಿರಲಿಲ್ಲ.
ಗೆದ್ದವರ ಪಟ್ಟಿಯಲ್ಲಿ ಆ ವರ್ಷದ ಎದುರು
ಬರೀ ಒಂದು ಗೀಟು.
ಅಪ್ಪ ಅದರ ಮೇಲೆ ಉಗುರಿಟ್ಟು ಹೇಳುತ್ತಿದ್ದ:
'ನೋಡು, ಈ ವರ್ಷ ನಾವು ಒಂದೂ ಪಂದ್ಯ ಸೋಲಲಿಲ್ಲ.'

ನಿಯಮ ಹೇಳಜ್ಜ, ಅನ್ನುತ್ತಾಳೆ ಮೊಮ್ಮಗಳು ರನ್ವಾ,
ಶಾಲೆಗೆ ಬರೆದೊಯ್ಯಬೇಕಂತೆ.
ಬರಕೋ.
ಹತ್ತು ತಂಡ. ಒಬ್ಬರೊಬ್ಬರ ಎದುರು ಮೂರು ಮೂರು ಸಲ.
ಗೆದ್ದರೆ ಮೂರು ಅಂಕ. ನನ್ನ ಕಾಲಕ್ಕೆ ಎರಡೇ,
ಗೆಲುವು ಆಗಿನ್ನೂ ಅಷ್ಟು ತುಟ್ಟಿಯಾಗಿರಲಿಲ್ಲ.
ಸಮವಾದರೆ ಒಂದು.
ಅಂಕವೂ ಸಮವಾದರೆ ಹೊಡೆದ ಗೋಲಿನಲ್ಲಿ
ತಿಂದ ಗೋಲು ಕಳೆ.
ಕೊನೆಯವರು ಕೆಳಗೆ ಹೋಗುತ್ತಾರೆ.

ಕೆಳಗೆ ಅಂದರೆ ಎಲ್ಲಿಗೆ?

ಅಲ್ಲೂ ಮೈದಾನವಿದೆ ಮಗಳೇ,
ಅಲ್ಲೂ ಬೇಲಿಯಾಚೆ ಕುರಿಗಳು ನಿಂತು ನೋಡುತ್ತವೆ.
ರೇಡಿಯೋದವನು ಬರುವುದಿಲ್ಲ, ಅಷ್ಟೇ.

ಇನ್ನೊಂದು ನಿಯಮವುಂಟು, ನಮ್ಮ ಗಾಳಿ ಬರೆಸಿದ್ದು.
ಪೆನಾಲ್ಟಿಗೆ ಇಟ್ಟ ಚೆಂಡು ಇಟ್ಟಲ್ಲಿ ನಿಲ್ಲದಿದ್ದರೆ
ಮೂರನೆಯವನೊಬ್ಬ ನೆಲಕ್ಕೆ ಮಲಗಿ
ಬೆರಳಿಟ್ಟು ಹಿಡಿಯಬಹುದು.

ಆ ಮೂರನೆಯವನು ನಾನು.
ಸೆಪ್ಟೆಂಬರಿನ ಕೊನೆಯ ಭಾನುವಾರ.
ಹುಲ್ಲಲ್ಲ ಆಗ, ಜಲ್ಲಿ.
ಹೊಟ್ಟೆಯಡಿ ಜಲ್ಲಿ, ಕಿವಿಯೊಳಗೆ ಸಮುದ್ರ,
ತೋರುಬೆರಳ ತುದಿಯಲ್ಲಿ ನೆನೆದ ಚರ್ಮದ ಭಾರ;
ಚೆಂಡು ಕೈಗೆ ಸಿಕ್ಕ ಹಕ್ಕಿಯ ಹಾಗೆ ನಡುಗುತ್ತಿತ್ತು.
ಹೆರ್ಲೈವುರ್ ಓಡಿ ಬರುವ ಸದ್ದು.
ಐಸ್ ಕಾರ್ಖಾನೆಯಲ್ಲಿ ನನ್ನ ಪಕ್ಕದ ಪಾಳಿಯವನು,
ನನಗೆ ನಲವತ್ತು ಕ್ರೋನ ಬಾಕಿ ಕೊಡಬೇಕಾದವನು.
ಕಣ್ಣು ಮುಚ್ಚಬಾರದು ಅಂತ ಯಾವ ನಿಯಮವೂ ಇರಲಿಲ್ಲ.
ಮುಚ್ಚಿದೆ.

ಗೋಲು. ಬೆರಳೂ ಹೋಯಿತು.
ಊರವರೆಲ್ಲ ಹೆರ್ಲೈವುರನನ್ನು ಎತ್ತಿಕೊಂಡು ಕುಣಿದರು,
ಬೇರೆ ದ್ವೀಪದ ಫಲಿತಾಂಶ ರೇಡಿಯೋದಲ್ಲಿ ಬರುವ ತನಕ.
ಒಂದು ಗೋಲಿನ ಅಂತರದಲ್ಲಿ ಕೆಳಗೆ ಹೋದೆವು.

ಕ್ಲಬ್ಬಿನ ಪುಸ್ತಕದಲ್ಲಿ ಇದೆ:
ಎಂಬತ್ತೆಂಟನೆಯ ನಿಮಿಷ, ಹೆರ್ಲೈವುರ್, ಪೆನಾಲ್ಟಿ.
ರೆಫರಿಯ ಹೆಸರಿದೆ. ಪ್ರೇಕ್ಷಕರು ಇನ್ನೂರ ಹನ್ನೊಂದು, ಅದೂ ಇದೆ.
ಹಿಡಿದವನಿಗೆ ಕಾಲಮ್ಮಿಲ್ಲ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಹಾಗಂತ ಬೇಸರ ಅನ್ನಲಾರೆ;
ಬಾಕಿ ನಲವತ್ತು ಕ್ರೋನದ್ದು ಮಾತ್ರ ಆಗಾಗ ನೆನಪಾಗುತ್ತದೆ.

ರನ್ವಾ ಪೆನ್ಸಿಲ್ ಬಿಸುಟು
ಚೆಂಡು ತಂದು ಅಂಗಳದಲ್ಲಿಟ್ಟಳು.
ಹಿಡಿ ಅಜ್ಜ, ಅಂದಳು.
ನನ್ನ ಡೊಂಕು ಬೆರಳನ್ನೇ ನೋಡುತ್ತ.

ಗಾಳಿಯಿಲ್ಲ ಕಣೇ, ನಿಯಮ ಒಪ್ಪುವುದಿಲ್ಲ, ಅಂದೆ.

ಸರಿ, ಅಂದು
ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತಳು, ಕಾಯುತ್ತ.
ಈ ಊರಲ್ಲಿ ತುಂಬ ಹೊತ್ತು ಕಾಯಬೇಕಾಗಿಲ್ಲ.
ಒಣಹಾಕಿದ ಅಂಗಿಯ ತೋಳು
ಆಗಲೇ ಒಮ್ಮೆ ಅಲುಗಿತು.