ಹೊಸ್ತಿಲಾಚೆಯ ಗಿರಾಕಿ

ಕಕ್ಕಬ್ಬೆಯ ನಮ್ಮ ಹೋಮ್‌ಸ್ಟೇಗೆ ರಾತ್ರಿ ಹತ್ತೂವರೆಗೆ ಬಂದ.
ಗೇಟಿನ ಬೋರ್ಡಿನಲ್ಲಿ ಸುಸ್ವಾಗತ, ಕಾಲೊರಸಿನ ಮೇಲೂ ಸುಸ್ವಾಗತ,
ಮುಂಗಡ ಕಟ್ಟಿದ್ದಾನೆ, ಆಧಾರ್ ಪ್ರತಿಯೂ ಇದೆ
(ಫೋಟೊದ ಜಾಗ ಖಾಲಿ).
ಆದರೂ ಹೊಸ್ತಿಲಾಚೆಯೇ ನಿಂತು
"ಬಾಯಿಬಿಟ್ಟು ಕರೀಬೇಕು" ಅಂದ.

ಯಾರ ಬಾಯಿ?
ಮನೆ ನನ್ನದು, ಪತ್ರ ಬ್ಯಾಂಕಿನಲ್ಲಿದೆ.
ಅಡುಗೆಯ ಜಾನಕಿ ಕರೆದರೆ ನಡೆದೀತೆ?
ಮೊಮ್ಮಗಳು ಪೂವಿ ನಾಯಿಯನ್ನು ಕೂಗಿದಳೆನ್ನಿ,
ಆ 'ಬಾ' ಇವನಿಗೂ ಸಲ್ಲುತ್ತದೆಯೆ?
ಪಾಪ, ಅವನೂ ತಲೆ ಕೆರೆದುಕೊಂಡ.
"ನಿಯಮ ಮಾಡಿದವರು ಸತ್ತುಹೋದರಮ್ಮ,
ಮತ್ತೆ ಏಳಲೇ ಇಲ್ಲ."

ಅಷ್ಟರಲ್ಲಿ ಒಂದು ಜಿಗಣೆ
ಅವನಲ್ಲಿ ಏನೂ ಸಿಗದೆ ಬೂಟಿನಿಂದಿಳಿದು
ಹೊಸ್ತಿಲು ದಾಟಿ, ಯಾರನ್ನೂ ಕೇಳದೆ
ನನ್ನ ಹಿಮ್ಮಡಿಗೆ ಹತ್ತಿತು.
ಇಬ್ಬರೂ ನೋಡಿದೆವು.
ಅವನು ತುಸು ಹೊಟ್ಟೆಕಿಚ್ಚಿನಿಂದ.

ಒಳಗೆ ಪಂದಿಕರಿಗೆ ಬೆಳ್ಳುಳ್ಳಿ ಜಜ್ಜುವ ಸದ್ದು.
ಮೂಗು ಮುಚ್ಚಿಕೊಂಡು ಮೆಟ್ಟಿಲಿಳಿದ.
ಮುಂಗಡ ವಾಪಸು ಕೇಳಲಿಲ್ಲ.
ಬಂದವರಿಗೆ 'ಹೋಗು' ಅನ್ನಲು
ಈ ಅರವತ್ತು ವರ್ಷದಲ್ಲಿ ನಾಲಿಗೆ ಕಲಿತಿಲ್ಲ.
"ಆಗಲಿ," ಎಂದೆ, "ಹೋಗಿ ಬನ್ನಿ."

ಕಾಫಿ ಗಿಡಗಳ ನಡುವೆ
ಹೆಜ್ಜೆ ನಿಂತಿತು.