ಐದನೇ ಚಾನೆಲ್

ಹಳದಿ ರಬ್ಬರ್ ಅಂಗಿ ತೊಟ್ಟ ಗಿಡ್ಡ ರೇಡಿಯೋ.
ಒಮ್ಮೆ ಟಗರು ತುಳಿದಿತ್ತು,
ಒಮ್ಮೆ ಜೌಗಿನಲ್ಲಿ ಮೂರು ದಿನ ಹೂತಿತ್ತು,
ಒರೆಸಿದರೆ ಮತ್ತೆ ಗೊರಗೊರ.
ಲೈಸೆನ್ಸು ಬೇಡ, ಬಿಲ್ಲೂ ಬರುವುದಿಲ್ಲ ಎಂದು
ಟೊರ್ಮೊಡ್ ಮನೆಗೊಂದು ಹಂಚಿದ್ದ:
ಪೇಗಿಗೆ, ನನಗೆ, ದಿಬ್ಬದಾಚೆಯ ಅಜ್ಜಿ ಓಯ್ರಿಗ್‌ಗೆ.

ಜನವರಿಯ ಗಾಳಿ ಲೂಯಿಸ್ ದ್ವೀಪದ ಕರೆಂಟು ಕಿತ್ತು
ಮೊಬೈಲ್ ಗೋಪುರದ ಬಾಯಿ ಕಟ್ಟಿತು.
ಐದನೇ ಚಾನೆಲ್. ಗಂಟೆಗೊಮ್ಮೆ ಹಾಜರಿ.
ಮಾತಿನ ಕೊನೆಗೆ 'ಓವರ್' ಅನ್ನಬೇಕು.
ಅಜ್ಜಿ ಅನ್ನಳು.
ಕಡಲಿಗೆ ಹೋದವನ ಹೆಂಡತಿ, ಗಾಳಿ ಬೀಸುವಾಗ
ಮುಗಿಯಿತು ಎನ್ನಬಾರದಂತೆ.
"ಈಗ ನೀನು" ಅನ್ನುತ್ತಾಳೆ.

ಒಂಬತ್ತಕ್ಕೆ ಅದೂ ಇಲ್ಲ.
ಗುಂಡಿ ದಿಂಬಿನಡಿ ಸಿಕ್ಕಿಕೊಂಡಿರಬೇಕು:
ಕೆಟಲ್ಲಿನ ಸಿಳ್ಳು, ನಾಯಿಗೆ ಬೈಗುಳ,
ಸತ್ತ ತಾತನಿಗೆ ಈ ವರ್ಷದ ಕುರಿ ಲೆಕ್ಕ,
ಎಲ್ಲ ನಮ್ಮ ಮೂರು ಅಡುಗೆಮನೆಗೆ.
ಒತ್ತಿ ಹಿಡಿದವರಿಗೆ ಕೇಳಿಸುವುದಿಲ್ಲ.
ಅಜ್ಜೀ, ಗುಂಡಿ ಬಿಡು!
ಕೂಗಿದ್ದು ನಮ್ಮ ಗೋಡೆಗೇ.

ಆಮೇಲೆ ಗೊರಕೆ.
ಆರನೇ ಚಾನೆಲ್ಲಿಗೆ ತಿರುಗಿಸಿ ಪಿಸುಗುಟ್ಟಿದೆವು,
ಕೇಳುತ್ತಿದೆಯಾ? ಕೇಳುತ್ತಿದೆ.
ಮತ್ತೆ ಓಡಿ ಐದಕ್ಕೆ.
ಅವಳ ಉಸಿರು ತಡೆದಾಗೆಲ್ಲ
ಪೇಗಿ ನನ್ನ ಹಾಗೇ ಎದ್ದು ನಿಂತಿದ್ದಳಂತೆ.

ನಾಲ್ಕೂವರೆಗೆ ಸದ್ದು ನಿಂತಿತು.
ಬ್ಯಾಟರಿ, ಅಂದ ಟೊರ್ಮೊಡ್.
ಬೂಟಿಗೆ ಕಾಲು ತುರುಕುವ ಸದ್ದು.
ಬ್ಯಾಟರಿಯೇ, ಅಂದ ಇನ್ನೊಮ್ಮೆ.

ಬಾಗಿಲು ತೆರೆದವಳು
ಟಾರ್ಚಿನ ಬೆಳಕಿಗೆ ಕಣ್ಣು ಕಿರಿದು ಮಾಡಿ:
"ರಾತ್ರಿಯಿಡೀ ಕಾದೆ.
ಒಬ್ಬರಾದರೂ ಒಂದು ಮಾತಾಡಬಾರದಿತ್ತೇ?"